ಯಜಮಾನರು ಫೀಲ್ಡ್‌ಗೆ ಹೋದ ಮೇಲೆ ಊರಲ್ಲಿರುವ ಕುಟುಂಬಕ್ಕೆ ಯಾರ ನೆರವು ಸಿಗುತ್ತದೆ?

ನಿಮ್ಮ ಪ್ರಶ್ನೆಯಿಂದ ತಿಳಿದದ್ದು ಇಷ್ಟು: ಯಜಮಾನರು ಭೂಸೇನೆಯಲ್ಲಿ ಸಿಪಾಯಿ, ಯೂನಿಟ್ ಮುಂದಿನ ತಿಂಗಳು ಫೀಲ್ಡ್‌ಗೆ (ಗಡಿಯಂಥ ಕಾರ್ಯಾಚರಣೆ ಪ್ರದೇಶಕ್ಕೆ) ಹೊರಡುತ್ತಿದೆ, ಸದ್ಯ ರಜೆಯ ಮೇಲೆ ಮನೆಯಲ್ಲಿದ್ದಾರೆ. ಎಂಟು ತಿಂಗಳ ಮಗು, ವಯಸ್ಸಾದ ಅತ್ತೆ-ಮಾವ, ಜೊತೆಗೆ ಪಕ್ಕದ ಜಮೀನಿನವರು ಹೂಡಿರುವ ಒಂದು ದಾವೆ. ಅವರು ಹೋದ ಮೇಲೆ ಯಾರ ಬಾಗಿಲು ತಟ್ಟಬೇಕು ಎಂದು ಕೇಳಿದ್ದೀರಿ.

ನೆರವು ಖಂಡಿತ ಇದೆ. ಆದರೆ ಬಹುಪಾಲು ನೆರವಿಗೆ ಅವರ ಸಹಿ ಬೇಕು, ಇಲ್ಲವೇ ಅವರ ಯೂನಿಟ್ಟಿನ ಕಾಗದ ಬೇಕು. ದೂರದ ಪೋಸ್ಟ್ (ಸೇನಾ ಠಾಣೆ) ಮೇಲೆ ಕುಳಿತವರಿಂದ ಒಂದು ಸಹಿ ತರಿಸಿಕೊಳ್ಳಲು ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ ಅವರ ರಜೆ ಮುಗಿಯುವುದರೊಳಗೆ ಆಗಲೇಬೇಕಾದ್ದನ್ನು ಮೊದಲು ಹೇಳುತ್ತೇನೆ.

ಎಲ್ಲಕ್ಕಿಂತ ಮುಂಚೆ ಪಾರ್ಟ್ ಟು ಆರ್ಡರ್, ಅಂದರೆ ಸೈನಿಕನ ವೈಯಕ್ತಿಕ ವಿವರ ದಾಖಲಿಸುವ ಯೂನಿಟ್ ಆದೇಶ, ನೋಡಿ. ಮದುವೆಯಾಗಲಿ, ಮಗು ಹುಟ್ಟಿದ್ದಾಗಲಿ, ಯೂನಿಟ್ ಆಫೀಸು ಪಾರ್ಟ್ ಟು ಆರ್ಡರ್ ಹೊರಡಿಸಿ ಅದು ರೆಕಾರ್ಡ್ ಆಫೀಸಿನಲ್ಲಿ ದಾಖಲಾದ ಮೇಲೆಯೇ ಸೇನೆಯ ಲೆಕ್ಕಕ್ಕೆ ಬರುತ್ತದೆ. ಡಿಪೆಂಡೆಂಟ್ ಕಾರ್ಡ್, ಮಿಲಿಟರಿ ಆಸ್ಪತ್ರೆ, ಕ್ಯಾಂಟೀನ್ ಕಾರ್ಡ್, ಮುಂದೆ ಮಗುವಿನ ಶಿಕ್ಷಣ ಭತ್ಯೆ, ಎಲ್ಲದರ ಬೇರೂ ಇದೇ. ಸಾಮಾನ್ಯವಾಗಿ ಮದುವೆಯದು ಆಗಿರುತ್ತದೆ, ಮಗುವಿನದು ಬಾಕಿ ಉಳಿದಿರುತ್ತದೆ. ಸೈನಿಕರ ಸೇವಾ ವಿವರ ತೋರಿಸುವ ಹಮ್‌ರಾಜ್ ಆ್ಯಪ್‌ನಲ್ಲಿ ಅವರೇ ಲಾಗಿನ್ ಆಗಿ ಪರೀಕ್ಷಿಸಿಕೊಳ್ಳಲಿ.

ಇಲ್ಲಿ ಕೆಲಸ ಕೆಡುವುದು ಹೆಸರಿನ ವಿಷಯದಲ್ಲಿ. ನಮ್ಮ ಕಡೆ ಹೆಸರಿನ ಮುಂದೆಯೋ ಹಿಂದೆಯೋ ಇನಿಷಿಯಲ್ ಇಟ್ಟುಕೊಳ್ಳುವ ರೂಢಿ. ಆಧಾರ್‌ನಲ್ಲಿ ‘ಲಕ್ಷ್ಮಿ ಬಿ’, ಮದುವೆ ನೋಂದಣಿ ಪತ್ರದಲ್ಲಿ ‘ಬಿ ಲಕ್ಷ್ಮೀದೇವಿ’, ಮಗುವಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಬರೀ ‘ಲಕ್ಷ್ಮೀ’ ಎಂದಿದ್ದರೆ, ನಮಗೆ ಮೂರೂ ಒಬ್ಬರೇ. ಸೇನೆಯ ದಾಖಲೆ ಇರುವುದು ಇಂಗ್ಲಿಷಿನಲ್ಲಿ, ಅಲ್ಲಿನ ಕ್ಲರ್ಕಿಗೆ ಅದು ಮೂರು ಜನ. ಕಾಗದ ವಾಪಸ್ ಬರುತ್ತದೆ. ಎಲ್ಲ ದಾಖಲೆಗಳನ್ನೂ ಒಟ್ಟಿಗೆ ಹರಡಿಕೊಂಡು ಇಂಗ್ಲಿಷ್ ಸ್ಪೆಲಿಂಗನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಅವರ ಸೇವಾ ದಾಖಲೆಯಲ್ಲಿ ನಿಮ್ಮ ಹೆಸರು ಹೇಗೆ ಏರಿದೆಯೋ ಅದನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ. ಆಧಾರ್ ತಿದ್ದುಪಡಿ ಮಾಡಿಸುವುದು ಒಂದು ದಿನದ ಓಡಾಟ, ಸೇವಾ ದಾಖಲೆ ತಿದ್ದಿಸುವುದು ಹಾಗಲ್ಲ.

ಇದೇ ಹೊತ್ತಿನಲ್ಲಿ ನಾಮಿನೇಷನ್‌ಗಳನ್ನೂ ನೋಡಿಸಿ. ಸೇನೆಗೆ ಸೇರುವಾಗ ಅವಿವಾಹಿತರಾಗಿದ್ದ ಹುಡುಗರು ತಾಯಿಯ ಹೆಸರು ಬರೆಸಿರುತ್ತಾರೆ, ಮದುವೆಯಾದ ಮೇಲೆ ಬದಲಿಸಲು ಮರೆತಿರುತ್ತಾರೆ. ಆರ್ಮಿ ಗ್ರೂಪ್ ಇನ್ಶೂರೆನ್ಸ್, ಪ್ರಾವಿಡೆಂಟ್ ಫಂಡ್, ಬ್ಯಾಂಕ್ ಖಾತೆ ಮೂರೂ ಬೇರೆ ಬೇರೆ ನಾಮಿನೇಷನ್. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗದು. ಈ ಮಾತು ಎತ್ತಲು ನಿಮಗೆ ಸಂಕೋಚವಾಗಬಹುದು, ಅತ್ತೆಯವರಿಗೂ ಬೇಸರವಾಗಬಹುದು. ಯಾರಿಗೆ ಎಷ್ಟು ಪಾಲು ಎಂದು ಯಜಮಾನರೇ ಎಲ್ಲರ ಎದುರು ಕೂತು ತೀರ್ಮಾನಿಸಲಿ.

ಹಣದ ವಿಷಯಕ್ಕೆ ಬರೋಣ. ಸಂಬಳದ ಖಾತೆಗೆ ನೀವು ನಾಮಿನಿ ಎಂದರೆ ಅವರು ಬದುಕಿರುವವರೆಗೆ ಆ ಖಾತೆಯಲ್ಲಿ ನಿಮಗೆ ಯಾವ ಅಧಿಕಾರವೂ ಇಲ್ಲ. ನಿಮ್ಮಿಬ್ಬರ ಹೆಸರಲ್ಲಿ ಜಂಟಿ ಖಾತೆ ಇರಬೇಕು, ಅದರ ಷರತ್ತು ‘ಐದರ್ ಆರ್ ಸರ್ವೈವರ್’ ಎಂದಿರಬೇಕು. ಆಗ ಇಬ್ಬರಲ್ಲಿ ಯಾರೊಬ್ಬರ ಸಹಿಗೂ ಹಣ ಬರುತ್ತದೆ. ‘ಜಾಯಿಂಟ್ಲಿ’ ಎಂದು ಬರೆಸಿಬಿಟ್ಟರೆ ಪ್ರತಿ ಸಲವೂ ಇಬ್ಬರ ಸಹಿ ಬೇಕು, ಖಾತೆ ಇದ್ದೂ ಇಲ್ಲದಂತೆ. ಸಂಬಳದ ಖಾತೆಯನ್ನೇ ಜಂಟಿ ಮಾಡಲು ಇಷ್ಟವಿಲ್ಲದಿದ್ದರೆ, ಪ್ರತಿ ತಿಂಗಳು ನಿಗದಿತ ದಿನ ಇಷ್ಟು ಹಣ ನಿಮ್ಮ ಖಾತೆಗೆ ಬೀಳುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟು ಹೋಗಲಿ.

ಒಟಿಪಿ ಯಾವ ನಂಬರಿಗೆ ಹೋಗುತ್ತದೆ ಎಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್, ಎಲ್‌ಐಸಿ ಕಂತು, ಮಾವನವರ ಆಧಾರ್, ಎಲ್ಲವೂ ಯಜಮಾನರ ಮೊಬೈಲಿಗೆ ಜೋಡಿಸಿರುತ್ತವೆ. ಅವರು ನೆಟ್‌ವರ್ಕ್ ಇಲ್ಲದ ಪೋಸ್ಟ್‌ನಲ್ಲಿದ್ದಾಗ ಇಲ್ಲಿ ಕೆಲಸ ನಿಲ್ಲುತ್ತದೆ. ಜಮ್ಮು-ಕಾಶ್ಮೀರ, ಲಡಾಖ್ ಕಡೆ ಹೋದರಂತೂ ನಮ್ಮ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದೇ ಇಲ್ಲ, ಪೋಸ್ಟ್‌ಪೇಯ್ಡ್ ಬೇಕು. ಮನೆಗೆ ಸಂಬಂಧಿಸಿದ್ದೆಲ್ಲವನ್ನೂ ಈ ರಜೆಯಲ್ಲೇ ನಿಮ್ಮ ನಂಬರಿಗೆ ಬದಲಿಸಿಕೊಳ್ಳಿ. ಸಂಬಳದ ಖಾತೆಯ ನಂಬರನ್ನು ಮಾತ್ರ ಅವರದೇ ಇರಲು ಬಿಟ್ಟು, ಆ ಸಿಮ್ಮನ್ನು ಪೋಸ್ಟ್‌ಪೇಯ್ಡ್ ಮಾಡಿಸಿ.

ಮನೆಯ ಬಗ್ಗೆ: ಫೀಲ್ಡ್‌ನಲ್ಲಿ ಕುಟುಂಬ ಜೊತೆಗಿರುವಂತಿಲ್ಲ. ನೀವು ಕಂಟೋನ್ಮೆಂಟಿನಲ್ಲಿ ಇರಬಯಸಿದರೆ ಎಸ್‌ಎಫ್ ಕ್ವಾರ್ಟರ್ಸ್, ಅಂದರೆ ಫೀಲ್ಡ್‌ನಲ್ಲಿರುವವರ ಕುಟುಂಬಕ್ಕೆಂದೇ ಮೀಸಲಿಟ್ಟ ಮನೆ, ಸಿಗುತ್ತದೆ. ಯೂನಿಟ್ ಮೂಲಕ ಆ ಊರಿನ ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ಗೆ ಅರ್ಜಿ ಹೋಗಬೇಕು, ಸರದಿ ಪಟ್ಟಿ ಉದ್ದ ಇರುತ್ತದೆ. ಊರಲ್ಲೇ ಇರುವುದಾದರೆ ಕುಟುಂಬ ನೆಲೆಸಿರುವ ಊರೆಂದು ಇದನ್ನು ದಾಖಲಿಸಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಪಡೆಯಲು ಅವಕಾಶವಿದೆ. ಅದೂ ಪಾರ್ಟ್ ಟು ಆರ್ಡರ್ ಮೂಲಕವೇ. ಎರಡರಲ್ಲಿ ಯಾವುದು ಎಂಬುದಕ್ಕೆ ನನ್ನ ಅಭಿಪ್ರಾಯ: ಮಗು ಚಿಕ್ಕದು, ಅತ್ತೆ-ಮಾವ ಓಡಾಡುವಷ್ಟು ಗಟ್ಟಿಯಿದ್ದಾರೆ ಎಂದಾದರೆ ಮೊದಲ ವರ್ಷ ಊರೇ ಮೇಲು. ಆಸ್ಪತ್ರೆಗೆ ಪದೇ ಪದೇ ಹೋಗಬೇಕಾದ ಕಾಯಿಲೆ ಯಾರಿಗಾದರೂ ಇದ್ದರೆ ಮಿಲಿಟರಿ ಆಸ್ಪತ್ರೆ ಇರುವ ಊರಿನ ಕ್ವಾರ್ಟರ್ಸ್ ಮೇಲು.

ಆಸ್ಪತ್ರೆ ಎಂದೊಡನೆ ಒಂದು ಗೊಂದಲ ಬಿಡಿಸಬೇಕು. ಜಿಲ್ಲಾ ಕೇಂದ್ರದಲ್ಲಿ ಕಾಣುವ ಇಸಿಎಚ್‌ಎಸ್ ಪಾಲಿಕ್ಲಿನಿಕ್ ನಿವೃತ್ತ ಸೈನಿಕರದು, ಸೇವೆಯಲ್ಲಿರುವವರ ಕುಟುಂಬದ್ದಲ್ಲ. ನಿಮ್ಮದು ಮಿಲಿಟರಿ ಆಸ್ಪತ್ರೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಮಾಂಡ್ ಹಾಸ್ಪಿಟಲ್, ಬೆಳಗಾವಿಯ ಮಿಲಿಟರಿ ಹಾಸ್ಪಿಟಲ್, ಕಾರವಾರದಲ್ಲಿ ನೌಕಾಪಡೆಯ ಪತಂಜಲಿ ಆಸ್ಪತ್ರೆ ಇವೆ. ವಾಯುಪಡೆ, ನೌಕಾಪಡೆಯ ಆಸ್ಪತ್ರೆಯಲ್ಲೂ ಭೂಸೇನೆಯವರ ಕುಟುಂಬಕ್ಕೆ ಚಿಕಿತ್ಸೆ ಉಂಟು. ಅತ್ತೆ-ಮಾವನವರಿಗೂ ಸಿಗಬೇಕಾದರೆ ಅವರ ಆದಾಯ ನಿಗದಿತ ಮಿತಿಯೊಳಗಿದ್ದು, ಅವಲಂಬಿತರೆಂದು ದಾಖಲಾಗಿರಬೇಕು.

ಹತ್ತಿರ ಮಿಲಿಟರಿ ಆಸ್ಪತ್ರೆ ಇಲ್ಲದ ಕಡೆ ತುರ್ತು ಬಂದರೆ ಸಮೀಪದ ಯಾವ ಆಸ್ಪತ್ರೆಯಾದರೂ ಸರಿ, ಮೊದಲು ಸೇರಿಸಿ. ಅದೇ ದಿನ ಯೂನಿಟ್ಟಿಗೂ, ಹತ್ತಿರದ ಮಿಲಿಟರಿ ಆಸ್ಪತ್ರೆಗೂ ಫೋನ್ ಮಾಡಿಸಿ. ಬಿಡುಗಡೆಯಾಗುವ ಮುನ್ನ ‘ಇದು ತುರ್ತು ಪರಿಸ್ಥಿತಿಯಾಗಿತ್ತು’ ಎಂದು ವೈದ್ಯರಿಂದ ಎಮರ್ಜೆನ್ಸಿ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಮೂಲ ಬಿಲ್ಲುಗಳು ಮೂರನ್ನೂ ಪಡೆಯಿರಿ. ಆ ಸರ್ಟಿಫಿಕೇಟ್ ಇಲ್ಲದ ಕಾರಣಕ್ಕೇ ಹಣ ವಾಪಸ್ ಬರದೆ ಹೋಗುವುದುಂಟು. ಮಗುವಿನ ಲಸಿಕೆಗೆ ದೂರ ಹೋಗಬೇಕಿಲ್ಲ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತ.

ಇನ್ನು ದಾವೆ. ಇದರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನಗೆ ಇದೇ ದೊಡ್ಡದಾಗಿ ಕಾಣುತ್ತಿದೆ. ಮಗ ಗಡಿಯಲ್ಲಿದ್ದಾನೆ, ಮನೆಯಲ್ಲಿ ಹೆಂಗಸರು, ಮುದುಕರು ಮಾತ್ರ ಎಂದು ಗೊತ್ತಿದ್ದೇ ಕೆಲವರು ಬದು ಒತ್ತುತ್ತಾರೆ. ಸೈನಿಕ ಹಾಜರಾಗದ ಕಾರಣಕ್ಕೆ ಏಕಪಕ್ಷೀಯ ತೀರ್ಪು ಬರದಂತೆ ಕಾನೂನಿನಲ್ಲಿ ಮೂರು ದಾರಿಗಳಿವೆ. ಊರಿನ ವಕೀಲರಿಗೆ ಇವು ಸದಾ ನೆನಪಿರುತ್ತವೆಂದು ನಂಬಬೇಡಿ, ನೀವೇ ಕೇಳಿ.

1925ರ ಇಂಡಿಯನ್ ಸೋಲ್ಜರ್ಸ್ ಲಿಟಿಗೇಷನ್ ಕಾಯ್ದೆ ಮೊದಲನೆಯದು. ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿರುವ ಸೈನಿಕ ಕಕ್ಷಿದಾರನಾಗಿದ್ದು ಹಾಜರಾಗಲು ಆಗದಿದ್ದರೆ, ಸೇನೆಯ ಪ್ರಮಾಣಪತ್ರದ ಮೇಲೆ ನ್ಯಾಯಾಲಯ ವಿಚಾರಣೆ ಮುಂದೂಡಬೇಕು. ಆ ಪರಿಸ್ಥಿತಿ ನ್ಯಾಯಾಲಯದ ಗಮನಕ್ಕೆ ಬರುವಂತೆ ಮಾಡುವ ಅಧಿಕಾರ ಜಿಲ್ಲಾಧಿಕಾರಿಗೂ ಇದೆ. ಎರಡನೆಯದು 1950ರ ಆರ್ಮಿ ಆ್ಯಕ್ಟ್‌ನ 32ನೇ ಸೆಕ್ಷನ್. ದಾವೆಗಾಗಿ ರಜೆ ಮಂಜೂರಾಗಿದೆ ಅಥವಾ ರಜೆ ಕೇಳಿದ್ದಾರೆ ಎಂಬ ಪ್ರಮಾಣಪತ್ರ ಕೊಟ್ಟರೆ, ಸಾಧ್ಯವಾದಷ್ಟು ಆ ರಜೆಯೊಳಗೇ ವಿಚಾರಣೆ ನಡೆಸಿ ಮುಗಿಸಬೇಕು. ಮೂರನೆಯದು ಸಿವಿಲ್ ಪ್ರಕ್ರಿಯಾ ಸಂಹಿತೆಯ 28ನೇ ಆರ್ಡರ್. ರಜೆ ಸಿಗದ ಸೈನಿಕ ತನ್ನ ಪರವಾಗಿ ದಾವೆ ನಡೆಸಲು ಯಾರನ್ನಾದರೂ ನೇಮಿಸಬಹುದು. ಕಮಾಂಡಿಂಗ್ ಆಫೀಸರ್ (ಯೂನಿಟ್ಟಿನ ಮುಖ್ಯಸ್ಥರು) ಎದುರು ಸಹಿ ಮಾಡಿದ, ಅವರ ಮೇಲುಸಹಿ ಇರುವ ಒಂದು ಪತ್ರ ನ್ಯಾಯಾಲಯಕ್ಕೆ ಸಲ್ಲಿಸಿದರೆ ಆಯಿತು. ನಿಮಗೆ ಹೇಳಿ ಮಾಡಿಸಿದಂತಿರುವುದು ಈ ಮೂರನೆಯದು. ಈ ಪತ್ರ ಆ ದಾವೆಗಷ್ಟೇ ಸೀಮಿತ. ಆದ್ದರಿಂದ ಯಾರೋ ಹೇಳಿದರೆಂದು ಜಮೀನು ಮಾರುವ ಅಧಿಕಾರವೂ ಸೇರಿದ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಯಾರ ಹೆಸರಿಗೂ ಬರೆದುಕೊಡುವುದು ಬೇಡ.

ಆದರೆ ಒಂದು ಮಾತು. ಈ ರಕ್ಷಣೆ ಇರುವುದು ಸೈನಿಕನಿಗೆ. ಪಹಣಿ ಮಾವನವರ ಹೆಸರಲ್ಲಿದ್ದು ದಾವೆಯಲ್ಲಿ ಅವರೊಬ್ಬರೇ ಪ್ರತಿವಾದಿಯಾಗಿದ್ದರೆ ಮೇಲಿನ ಯಾವುದೂ ಅನ್ವಯಿಸದು. ಸಮನ್ಸಿನಲ್ಲಿ ಪ್ರತಿವಾದಿಗಳ ಪಟ್ಟಿಯನ್ನು ಮೊದಲು ಓದಿ. ಮಾವನವರೊಬ್ಬರೇ ಇದ್ದಲ್ಲಿ ಹದ್ದುಬಸ್ತಿಗೆ (ಜಮೀನಿನ ಗಡಿ ಅಳತೆಗೆ) ಅರ್ಜಿ ಕೊಟ್ಟು ಸರ್ವೆ ನಕ್ಷೆ ಮಾಡಿಸಿಕೊಳ್ಳಿ. ಜೊತೆಗೆ ಕಮಾಂಡಿಂಗ್ ಆಫೀಸರ್ ಅವರಿಂದ ಜಿಲ್ಲಾಧಿಕಾರಿಗೆ ಒಂದು ಪತ್ರ ಬರೆಸಿ, ಅದರ ನಕಲು ಎಸ್‌ಪಿ ಕಚೇರಿಗೂ ಸೈನಿಕ ಕಲ್ಯಾಣ ಇಲಾಖೆಗೂ ಹೋಗಲಿ. ಸರ್ವೆ ನಂಬರ್, ಗ್ರಾಮ, ಎದುರಾಳಿಯ ಹೆಸರು, ದಾವೆ ಸಂಖ್ಯೆ ಆ ಪತ್ರದಲ್ಲಿರಬೇಕು. ‘ನಮ್ಮ ಜವಾನನ ಕುಟುಂಬಕ್ಕೆ ತೊಂದರೆಯಾಗುತ್ತಿದೆ, ಸಹಕರಿಸಿ’ ಎಂದಷ್ಟೇ ಬರೆದ ಪತ್ರ ಫೈಲಿನಲ್ಲೇ ಮಲಗುತ್ತದೆ. ವಕೀಲರ ಫೀಸು ಭಾರವಾದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ. ದಾವೆಯಲ್ಲಿ ನೀವೂ ಕಕ್ಷಿದಾರರಾಗಿದ್ದರೆ, ಮಹಿಳೆಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಹಕ್ಕಿದೆ.

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಒಮ್ಮೆ ಯಜಮಾನರ ಜೊತೆಯೇ ಹೋಗಿ ಪರಿಚಯ ಮಾಡಿಕೊಂಡು ಬನ್ನಿ. ನಿಮ್ಮ ಜಿಲ್ಲೆಯಲ್ಲಿ ಇಲ್ಲದಿದ್ದರೆ ಪಕ್ಕದ ಜಿಲ್ಲೆಯ ಕಚೇರಿ ನಿಮ್ಮದನ್ನೂ ನೋಡಿಕೊಳ್ಳುತ್ತದೆ. ಅಲ್ಲಿನ ಧನಸಹಾಯ ಯೋಜನೆಗಳು ಹೆಚ್ಚಾಗಿ ಮಾಜಿ ಸೈನಿಕರಿಗೆ, ಅಗಲಿದವರ ಪತ್ನಿಯರಿಗೆ. ನೀವು ಅಲ್ಲಿಂದ ನಿರೀಕ್ಷಿಸಬೇಕಾದ್ದು ಹಣವಲ್ಲ, ತಹಶೀಲ್ದಾರ್, ಪೊಲೀಸ್ ಕಚೇರಿಗಳಲ್ಲಿ ನಿಮ್ಮ ಪರವಾಗಿ ಒಂದು ಮಾತು. ಹೋಗುವಾಗ ಯೂನಿಟ್ ಕೊಟ್ಟ ಸರ್ವಿಂಗ್ ಸರ್ಟಿಫಿಕೇಟ್ (ಸೇವೆಯಲ್ಲಿದ್ದಾರೆ ಎಂಬ ಪತ್ರ) ಇಟ್ಟುಕೊಂಡಿರಿ. ಮುಂದೆ ಕೇಂದ್ರೀಯ ವಿದ್ಯಾಲಯದ ಸೀಟಿಗೂ ಅದು ಬೇಕಾಗುತ್ತದೆ.

ಅವರ ಕೈಯಲ್ಲೇ ಒಂದು ಹಾಳೆ ಬರೆಸಿಡಿ: ಆರ್ಮಿ ನಂಬರ್, ರ‍್ಯಾಂಕ್, ಯೂನಿಟ್, ಕಂಪನಿ, ರೆಕಾರ್ಡ್ ಆಫೀಸಿನ ವಿಳಾಸ, ಯೂನಿಟ್ ಎಕ್ಸ್‌ಚೇಂಜ್ ನಂಬರ್, ಸುಬೇದಾರ್ ಮೇಜರ್ ಸಾಹೇಬರ ನಂಬರ್, ಹಿಂದೆ ಉಳಿಯುವ ರಿಯರ್ ಪಾರ್ಟಿಯ ನಂಬರ್. ಮನೆಯಲ್ಲಿ ತುರ್ತು ಬಂದು ಅವರು ರಜೆಯ ಮೇಲೆ ಬರಲೇಬೇಕೆಂದಾದರೆ ಅವರ ಮೊಬೈಲಿಗೆ ಹತ್ತು ಸಲ ಪ್ರಯತ್ನಿಸುತ್ತ ಕೂರಬೇಡಿ, ನೇರವಾಗಿ ಯೂನಿಟ್ಟಿಗೆ ತಿಳಿಸಿ. ಏನಾಗಿದೆ, ಯಾರಿಗೆ, ಯಾವ ಆಸ್ಪತ್ರೆ, ವೈದ್ಯರ ಹೆಸರು, ಇಷ್ಟನ್ನು ಸ್ಪಷ್ಟವಾಗಿ ಹೇಳಿ, ಆಸ್ಪತ್ರೆಯ ಕಾಗದದ ಫೋಟೋ ಕಳಿಸಿ. ‘ಸೀರಿಯಸ್, ಬೇಗ ಕಳಿಸಿ’ ಎಂದಷ್ಟೇ ಹೇಳಿದರೆ ವಿಚಾರಿಸುವುದರಲ್ಲೇ ಒಂದು ದಿನ ಹೋಗುತ್ತದೆ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ ಇದೆ. ಎಲ್ಲವನ್ನೂ ಹಬ್ಬ, ಮದುವೆಗಳಿಗೆ ಖರ್ಚು ಮಾಡದೆ ಸ್ವಲ್ಪ ಕ್ಯಾಶುಯಲ್ ಉಳಿಸಿಕೊಂಡಿರಲಿ.

ಪತ್ರ, ಪಾರ್ಸೆಲ್‌ಗೆ ನಂಬರ್, ರ‍್ಯಾಂಕ್, ಹೆಸರು, ಯೂನಿಟ್ ಬರೆದು, ಕೆಳಗೆ 56 ಎಪಿಒ ಅಥವಾ 99 ಎಪಿಒ (ಸೇನಾ ಅಂಚೆ ಕಚೇರಿ), 9ರಿಂದ ಶುರುವಾಗುವ ಪಿನ್ ಹಾಕಿದರೆ ಸಾಕು. ಊರು, ರಾಜ್ಯ ಬರೆಯಬಾರದು. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲೂ ಅವರು ಎಲ್ಲಿದ್ದಾರೆ, ಯೂನಿಟ್ ಯಾವಾಗ ಹೊರಡುತ್ತದೆ ಎಂಬುದು ಬೇಡ.

ನಿಮ್ಮ ಮನಸ್ಸಿನ ಬಗ್ಗೆ ನೀವು ಏನೂ ಬರೆದಿಲ್ಲ, ಆದರೂ ಹೇಳುತ್ತೇನೆ. ಸೇನೆಯಲ್ಲಿ 1966ರಿಂದ ಆವಾ, ಅಂದರೆ ಸೈನಿಕರ ಪತ್ನಿಯರ ಕಲ್ಯಾಣ ಸಂಘ ಇದೆ. ಯೂನಿಟ್ ಮಟ್ಟದಲ್ಲಿ ಅದನ್ನು ನಡೆಸುವುದು ಕಮಾಂಡಿಂಗ್ ಆಫೀಸರ್ ಅವರ ಪತ್ನಿ. ಊರಲ್ಲಿದ್ದರೂ ಯೂನಿಟ್ಟಿನ ಹೆಣ್ಣುಮಕ್ಕಳ ವಾಟ್ಸ್ಆ್ಯಪ್ ಗುಂಪಿಗೆ ನಿಮ್ಮ ನಂಬರ್ ಸೇರಿಸಲು ಯಜಮಾನರಿಗೆ ಹೇಳಿ. ಅಲ್ಲಿ ಎಲ್ಲರೂ ಇದೇ ಸ್ಥಿತಿಯಲ್ಲಿರುವವರು, ಹಿಂದಿ ಸ್ವಲ್ಪ ಬಂದರೆ ಸಾಕು. ನಿದ್ದೆ ಬರದೆ, ಊಟ ಸೇರದೆ ವಾರಗಟ್ಟಲೆ ಕಳೆದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಇದು ಉಚಿತ, ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ. ಹೆರಿಗೆಯಾಗಿ ವರ್ಷದೊಳಗಿನ ತಾಯಂದಿರು ಇದನ್ನು ‘ನನ್ನದೇ ಬಲಹೀನತೆ’ ಎಂದು ಸಹಿಸಿಕೊಂಡು ಕೂರಬಾರದು.

ಯಾರೋ ಫೋನ್ ಮಾಡಿ ‘ನಿಮ್ಮ ಯಜಮಾನರಿಗೆ ಗಾಯವಾಗಿದೆ, ತಕ್ಷಣ ಹಣ ಹಾಕಿ’ ಎಂದರೆ ಅದು ಮೋಸ. ಸೇನೆ ಚಿಕಿತ್ಸೆಗೆ ಮನೆಯವರಿಂದ ಹಣ ಕೇಳುವುದಿಲ್ಲ. ಫೋನ್ ಇಟ್ಟು, ಆ ಹಾಳೆಯಲ್ಲಿರುವ ಯೂನಿಟ್ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಈ ಉತ್ತರ ಓದುವವರಲ್ಲಿ ಬಿಎಸ್‌ಎಫ್, ಸಿಆರ್‌ಪಿಎಫ್ ಕುಟುಂಬದವರೂ ಇರಬಹುದು. ಅವು ಗೃಹ ಸಚಿವಾಲಯದ ಪಡೆಗಳಾದ್ದರಿಂದ ನಿಮಗೆ ಆಸ್ಪತ್ರೆಗೆ ಆಯುಷ್ಮಾನ್ ಸಿಎಪಿಎಫ್ ಕಾರ್ಡ್, ಕಲ್ಯಾಣಕ್ಕೆ ವಾರ್ಬ್ (ಕಲ್ಯಾಣ ಮತ್ತು ಪುನರ್ವಸತಿ ಮಂಡಳಿ) ಇವೆ. ಬ್ಯಾಂಕು, ಒಟಿಪಿ, ಹೆಸರಿನ ಸ್ಪೆಲಿಂಗ್ ಬಗ್ಗೆ ಮೇಲೆ ಹೇಳಿದ್ದೆಲ್ಲ ನಿಮಗೂ ಹಾಗೆಯೇ ಅನ್ವಯಿಸುತ್ತದೆ.