ಸೈಕಲ್ ಪ್ರಶ್ನೋತ್ತರ: ಘಾಟಿ ಇಳಿಯುವ ಮುನ್ನ ಅಳತೆಪಟ್ಟಿ ಹಿಡಿಯಿರಿ

ಈ ಸಂಚಿಕೆಗೆ ಆಯ್ದುಕೊಂಡ ಪ್ರಶ್ನೆಗಳೆಲ್ಲ ಕೊಡಗಿನ ಓದುಗರದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯಲ್ಲಿ ನೆನೆದ ಸೈಕಲ್‌ಗಳು ಈಗ ಒಂದೊಂದಾಗಿ ತೊಂದರೆ ಹೇಳತೊಡಗಿವೆ. ಬ್ರೇಕಿನ ಮಾತು ಜೀವದ ಮಾತು, ಹಾಗಾಗಿ ಮೊದಲ ಉತ್ತರ ಉದ್ದವಾಗಿದೆ.

ಪ್ರಶ್ನೆ: ನನ್ನ ಸೈಕಲ್‌ನದು ಕೇಬಲ್ಲಿನ ಡಿಸ್ಕ್ ಬ್ರೇಕ್. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಅರ್ಧ ದಾರಿಗೇ ಲಿವರ್ ಹ್ಯಾಂಡಲ್‌ಗೆ ತಾಗುತ್ತದೆ, ಕಿವಿ ಕೊರೆಯುವ ಸದ್ದು ಬೇರೆ. ಪ್ಯಾಡ್ ಹಾಕಿಸಿ ನಾಲ್ಕು ತಿಂಗಳೂ ಆಗಿಲ್ಲ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್‌ಗೆ ಬದಲಾಯಿಸಲೇ?
– ಓದುಗರು, ಮಡಿಕೇರಿ

ಉತ್ತರ: ಹಣ ಖರ್ಚು ಮಾಡುವ ಮೊದಲು ಚಕ್ರ ಬಿಚ್ಚಿ ಪ್ಯಾಡ್ ಹೊರಗೆ ತೆಗೆಯಿರಿ. ಹಿಂಬದಿಯ ಲೋಹದ ತಗಡನ್ನು ಬಿಟ್ಟು, ಉಜ್ಜುವ ಭಾಗವನ್ನಷ್ಟೇ ಅಳೆಯಿರಿ. ಅದು 0.5 ಮಿ.ಮೀ.ಗೆ ಇಳಿದಿದ್ದರೆ ಪ್ಯಾಡ್ ಮುಗಿದಂತೆ. ನಾಲ್ಕು ತಿಂಗಳಲ್ಲಿ ಸವೆಯುವುದು ಕೊಡಗಿನ ಮಳೆಗಾಲದಲ್ಲಿ ಆಶ್ಚರ್ಯವಲ್ಲ. ಕೆಂಪು ಮಣ್ಣು ನೀರಿನಲ್ಲಿ ಕಲಸಿ ಡಿಸ್ಕಿಗೆ ಮೆತ್ತಿದರೆ ಬ್ರೇಕ್ ಹಿಡಿದಾಗಲೆಲ್ಲ ಪ್ಯಾಡನ್ನು ಸ್ಯಾಂಡ್ ಪೇಪರಿಗೆ ಉಜ್ಜಿದ ಹಾಗೆಯೇ.

ಪ್ಯಾಡ್ ಇನ್ನೂ ದಪ್ಪವಿದ್ದರೆ ತಪ್ಪು ಹೊಂದಾಣಿಕೆಯಲ್ಲಿದೆ. ಹೈಡ್ರಾಲಿಕ್‌ನಲ್ಲಿ ಪ್ಯಾಡ್ ಸವೆದಂತೆ ಪಿಸ್ಟನ್ ತಾನಾಗಿ ಮುಂದೆ ಸರಿಯುತ್ತದೆ. ಕೇಬಲ್ ಬ್ರೇಕಿನಲ್ಲಿ ಆ ಸೌಕರ್ಯವಿಲ್ಲ. ಹೆಚ್ಚಿನ ಕ್ಯಾಲಿಪರ್‌ಗಳಲ್ಲಿ (ಪ್ಯಾಡ್ ಹಿಡಿದುಕೊಂಡು ಡಿಸ್ಕನ್ನು ಒತ್ತುವ ಭಾಗ) ಹೊರಗಿನ ಪ್ಯಾಡ್ ಮಾತ್ರ ಚಲಿಸಿ ಡಿಸ್ಕನ್ನು ಒಳಗಿನ ಪ್ಯಾಡಿನತ್ತ ತಳ್ಳುತ್ತದೆ. ಒಳಗಿನದು ಇದ್ದಲ್ಲೇ ಇರುತ್ತದೆ, ಅದನ್ನು ನಾವೇ ಹತ್ತಿರ ತರಬೇಕು. ಹಲವರು ಮಾಡುವ ತಪ್ಪು ಇಲ್ಲಿದೆ: ಲಿವರ್ ಸಡಿಲವಾದಾಗೆಲ್ಲ ಕೇಬಲ್ ಮಾತ್ರ ಬಿಗಿ ಮಾಡುತ್ತಾ ಹೋಗುತ್ತಾರೆ. ಆಗ ಕೇಬಲ್ ಸಿಕ್ಕಿಸಿದ ಕ್ಯಾಲಿಪರಿನ ತೋಳು ಮೊದಲೇ ಅರ್ಧ ತಿರುಗಿ ನಿಂತಿರುತ್ತದೆ, ಬ್ರೇಕ್ ಹಿಡಿದಾಗ ತಿರುಗಲು ಜಾಗವೇ ಉಳಿಯುವುದಿಲ್ಲ.

ಸರಿಯಾದ ಕ್ರಮ ಹೀಗೆ. ಲಿವರ್ ಬಳಿಯ ಮತ್ತು ಕ್ಯಾಲಿಪರ್ ಬಳಿಯ ಕೇಬಲ್ ತಿರುಪುಗಳನ್ನು ಪೂರ್ತಿ ಒಳಗೆ ತಿರುಗಿಸಿ. ತೋಳು ಪೂರ್ತಿ ಹಿಂದಕ್ಕೆ ಬಂದಿದೆಯೇ ನೋಡಿ, ಇಲ್ಲದಿದ್ದರೆ ಕೇಬಲ್ ಬೋಲ್ಟ್ ಸಡಿಲಿಸಿ ಬಿಡಿ. ಚಕ್ರದ ಕಡ್ಡಿಗಳ ಕಡೆಯಿಂದ ಕ್ಯಾಲಿಪರಿನಲ್ಲಿ ಒಂದು ತಿರುಪು ಕಾಣುತ್ತದೆ. ಸಾಮಾನ್ಯವಾಗಿ 5 ಮಿ.ಮೀ. ಅಲನ್ ಕೀ, ಕೆಲವಕ್ಕೆ ನಕ್ಷತ್ರಾಕಾರದ ಟಾರ್ಕ್ಸ್ 25. ಅದನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ, ಒಳ ಪ್ಯಾಡ್ ಡಿಸ್ಕಿಗೆ ತಾಗಿ ಸರಸರ ಸದ್ದು ಬಂದೊಡನೆ ಕಾಲು ಸುತ್ತು ಹಿಂದೆ ತನ್ನಿ. ಆಮೇಲೆ ಕೇಬಲ್ ಎಳೆದು ಬಿಗಿ ಮಾಡಿ. ಎರಡೂ ಬದಿಯಲ್ಲಿ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಉಳಿದರೆ ಸಾಕು. ಮಳೆಗಾಲದಲ್ಲಿ ಈ ಕೆಲಸ ವಾರಕ್ಕೊಮ್ಮೆ ಬೇಕಾಗಬಹುದು, ಐದು ನಿಮಿಷದ ಕೆಲಸ.

ಸದ್ದಿಗೆ ಮುಖ್ಯ ಕಾರಣ ಎಣ್ಣೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಹಿಂದಿನ ಡಿಸ್ಕಿಗೆ ತಾಗಿಬಿಡುತ್ತದೆ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಶುಭ್ರ ಬಟ್ಟೆಯಿಂದ ಒರೆಸಿ, ಪ್ಯಾಡಿನ ಮೇಲ್ಮೈಯನ್ನು 120 ನಂಬರಿನ ಸ್ಯಾಂಡ್ ಪೇಪರಿನ ಮೇಲೆ ನಾಲ್ಕು ಸಲ ಉಜ್ಜಿ. ಎಣ್ಣೆ ಒಳಕ್ಕೆ ಇಳಿದಿದ್ದರೆ ಅದು ಸರಿಹೋಗದು. ಗ್ಯಾಸ್ ಒಲೆಯ ಮೇಲೆ ಸುಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಉಜ್ಜುವ ಪದರ ತಗಡಿನಿಂದ ಕಳಚಿ ಬರಬಹುದು. ಹೊಸ ಪ್ಯಾಡ್ ಹಾಕಿದ ದಿನ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಪೂರ್ತಿ ನಿಲ್ಲಿಸದೆ, ಇಪ್ಪತ್ತು ಸಲ ಬ್ರೇಕ್ ಹಿಡಿದು ಪಳಗಿಸಿ. ಇದನ್ನು ಮಾಡದೆ ನೇರ ಘಾಟಿಗೆ ಇಳಿದರೆ ಪ್ಯಾಡ್ ಮೇಲ್ಮೈ ಗಾಜಿನಂತೆ ನಯವಾಗಿ ಹಿಡಿತವೂ ಹೋಗುತ್ತದೆ, ಸದ್ದೂ ನಿಲ್ಲುವುದಿಲ್ಲ.

ಪ್ಯಾಡ್‌ಗಳಲ್ಲಿ ರೆಸಿನ್, ಮೆಟಲ್ ಎಂದು ಎರಡು ಬಗೆ. ಒದ್ದೆಯಲ್ಲಿ, ಉದ್ದ ಇಳಿಜಾರಿನಲ್ಲಿ ಮೆಟಲ್ ಹೆಚ್ಚು ದಿನ ಬಾಳುತ್ತದೆ, ಸದ್ದು ತುಸು ಹೆಚ್ಚು. ಆದರೆ ಡಿಸ್ಕಿನ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಕೊರೆದಿದ್ದರೆ ಮೆಟಲ್ ಹಾಕಬೇಡಿ, ಆ ಮೆತ್ತನೆಯ ಉಕ್ಕು ಬೇಗ ಸವೆಯುತ್ತದೆ. ಶಿಮಾನೊ ಕಂಪನಿಯ ಡಿಸ್ಕ್ ಹೊಸದರಲ್ಲಿ 1.8 ಮಿ.ಮೀ. ದಪ್ಪ, 1.5ಕ್ಕೆ ಇಳಿದರೆ ಬದಲಿಸಲೇಬೇಕು.

ಇನ್ನು ಶಾಖದ ಲೆಕ್ಕ. ಸೈಕಲ್ ಸೇರಿ 85 ಕೆ.ಜಿ. ತೂಕ ಒಂದು ಸಾವಿರ ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 830 ಕಿಲೊಜೂಲ್. ಎರಡೂವರೆ ಲೀಟರ್ ತಣ್ಣೀರನ್ನು ಕುದಿಸುವಷ್ಟು. ಅದರಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ, ಉಳಿದದ್ದು ಆ ಎರಡು ತೆಳು ಡಿಸ್ಕ್‌ಗಳ ಪಾಲು. ಬ್ರೇಕನ್ನು ಉದ್ದಕ್ಕೂ ಅರೆಬರೆ ಒತ್ತಿಕೊಂಡೇ ಇಳಿದರೆ ಗಾಳಿಯ ಪಾಲು ಕಡಿಮೆ, ಡಿಸ್ಕಿಗೆ ತಣಿಯಲು ಬಿಡುವಿಲ್ಲ. ತಿರುವಿಗೆ ಮೊದಲೇ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ಈ ದಾರಿಯಲ್ಲೇ 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಬಳಿ ಗುಡ್ಡ ಕುಸಿದಿತ್ತು. ಜೋರು ಮಳೆಯ ದಿನ ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಇಳಿಯಬೇಡಿ.

ಹೈಡ್ರಾಲಿಕ್ ಬೇಕೇ ಎಂದರೆ, ವಾರ ವಾರ ಘಾಟಿ ಇಳಿಯುವವರಿಗೆ ಖಂಡಿತ ಒಳ್ಳೆಯದು. ತಿಂಗಳಿಗೊಮ್ಮೆ ಇಳಿಯುವವರು ಕೇಬಲ್ ಮತ್ತು ಅದರ ಹೊರಕವಚ ಎರಡನ್ನೂ ಪ್ರತಿ ಮಳೆಗಾಲದ ನಂತರ ಬದಲಿಸಿದರೆ ಸಾಕು. ಹೈಡ್ರಾಲಿಕ್ ಕೊಂಡರೆ ಒಂದು ಎಚ್ಚರ: ಶಿಮಾನೊಗೆ ಮಿನರಲ್ ಆಯಿಲ್ ಮಾತ್ರ. ಬೈಕ್ ಗ್ಯಾರೇಜಿನ ಡಾಟ್ ಬ್ರೇಕ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ.

ಪ್ರಶ್ನೆ: 8 ಸ್ಪೀಡ್ (ಹಿಂದೆ ಎಂಟು ಹಲ್ಲುಚಕ್ರಗಳ) ಸೈಕಲ್‌ಗೆ ಹೊಸ ಚೈನ್ ಹಾಕಿಸಿದೆ. ಹಳೆ ಚೈನ್ ಸುಮ್ಮನೆ ಓಡುತ್ತಿತ್ತು, ಹೊಸದು ಏರಿನಲ್ಲಿ ಒತ್ತಿ ತುಳಿದಾಗ ಟಕ್ ಎಂದು ಹಾರುತ್ತದೆ. ಚೈನ್ ಕಳಪೆಯೇ?
– ಓದುಗರು, ಗೋಣಿಕೊಪ್ಪ

ಉತ್ತರ: ಚೈನ್ ಸರಿಯಾಗಿದೆ, ಹಿಂದಿನ ಹಲ್ಲುಚಕ್ರಗಳು ಸವೆದಿವೆ. ಹಳೆ ಚೈನಿನ ಪಿನ್ನುಗಳು ಸವೆದು ಅದು ಉದ್ದವಾದಂತೆ ಹಲ್ಲುಗಳೂ ಅದೇ ಅಳತೆಗೆ ಸವೆದು ಎರಡೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಹೊಸ ಚೈನಿನ ಅಳತೆ ನಿಖರ, ಆ ಹಲ್ಲಿನಲ್ಲಿ ಅದು ಕೂರುವುದಿಲ್ಲ. ನೀವು ಹೆಚ್ಚು ಬಳಸುವ ಎರಡು ಮೂರು ಚಕ್ರಗಳಲ್ಲಿ ಮಾತ್ರ ಹಾರುತ್ತಿದ್ದರೆ ಇದೇ ಕಾರಣವೆಂದು ಗಟ್ಟಿ ಮಾಡಿಕೊಳ್ಳಿ. ಎಲ್ಲದರಲ್ಲೂ ಹಾರುತ್ತಿದ್ದರೆ ಮಡಚದೆ ಬಿಗಿಯಾಗಿ ನಿಂತ ಕೊಂಡಿಯೊಂದು ಇದೆಯೇ ಎಂದು ಪೆಡಲನ್ನು ಹಿಂದಕ್ಕೆ ತಿರುಗಿಸಿ ನೋಡಿ.

ಮುಂದೆ ಹೀಗಾಗದಿರಲು ಉಕ್ಕಿನ ಅಳತೆಪಟ್ಟಿಯೊಂದು ಸಾಕು. ಚೈನನ್ನು ಎಳೆದು ಹಿಡಿದು ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ಎಣಿಸಿ. ಹೊಸದರಲ್ಲಿ ಅದು 12 ಇಂಚು, ಅಂದರೆ 304.8 ಮಿ.ಮೀ. 8, 9, 10 ಸ್ಪೀಡಿನಲ್ಲಿ 307 ಆದಾಗ ಚೈನ್ ಬದಲಿಸಿ. 11 ಮತ್ತು 12 ಸ್ಪೀಡಿನಲ್ಲಿ 306 ದಾಟಿದೊಡನೆ. 308ರ ತನಕ ಬಿಟ್ಟರೆ ಹಲ್ಲುಚಕ್ರದ ಖರ್ಚೂ ಸೇರುತ್ತದೆ, ನಿಮಗೆ ಈಗ ಆಗಿರುವುದು ಅದೇ.

ಮಳೆಯಲ್ಲಿ ಓಡಿಸಿ ಬಂದ ಸಂಜೆ ಚೈನನ್ನು ಒಣ ಬಟ್ಟೆಯಲ್ಲಿ ಒರೆಸಿ, ಪ್ರತಿ ರೋಲರಿಗೆ ಒಂದೊಂದೇ ಹನಿ ವೆಟ್ ಲ್ಯೂಬ್ (ಮಳೆಗಾಲದ ಚೈನ್ ಎಣ್ಣೆ) ಬಿಟ್ಟು, ಹತ್ತು ನಿಮಿಷ ಕಳೆದು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟ ಎಣ್ಣೆಗೆ ತೋಟದ ಮಣ್ಣು ಅಂಟುತ್ತದೆ. ಸರ್ವೀಸ್ ಸ್ಟೇಷನ್ನಿನ ಪ್ರೆಶರ್ ಪೈಪಿನಲ್ಲಿ ಸೈಕಲ್ ತೊಳೆಸಬೇಡಿ, ಚಕ್ರದ ನಡುವಿನ ಹಬ್ಬಿನ ಗ್ರೀಸನ್ನು ಹೊರತಳ್ಳಿ ಒಳಗೆ ನೀರು ತುಂಬುತ್ತದೆ. ಬಕೆಟ್ಟು, ಬ್ರಷ್ಷು ಸಾಕು.

ಪ್ರಶ್ನೆ: ಪೇಟೆಯಲ್ಲಿ 26 ಇಂಚಿನ ಟಯರ್ ಕೇಳಿ ತಂದೆ, ನನ್ನ 26 ಇಂಚಿನ ರಿಮ್ಮಿಗೆ ಕೂರುತ್ತಿಲ್ಲ. ಯಾಕೆ?
– ಓದುಗರು, ಶನಿವಾರಸಂತೆ

ಉತ್ತರ: 26 ಇಂಚು ಎನ್ನುವುದು ಟಯರಿನ ಹೊರಗಿನ ಅಂದಾಜು ಅಳತೆ, ರಿಮ್ಮಿನದಲ್ಲ. ಹಳೆ ಟಯರಿನ ಪಕ್ಕದಲ್ಲಿ ಅಡ್ಡಗೆರೆಯ ಜೊತೆ ಎರಡು ಸಂಖ್ಯೆ ಇರುತ್ತವೆ, ಉದಾಹರಣೆಗೆ 54-559. ಮೊದಲಿನದು ಅಗಲ, ಎರಡನೆಯದು ರಿಮ್ಮಿನಲ್ಲಿ ಟಯರ್ ಕೂರುವ ವ್ಯಾಸ, ಎರಡೂ ಮಿ.ಮೀ.ನಲ್ಲಿ. ಮೌಂಟನ್ ಬೈಕಿನ 26 ಅಂದರೆ 559. ಸಣ್ಣ ಅಗಲದ 26×1⅜ ಅಂದರೆ 590. ಇವು ಒಂದಕ್ಕೊಂದು ಕೂರುವುದೇ ಇಲ್ಲ. ದೊಡ್ಡ ಕಪ್ಪು ಸೈಕಲ್ಲಿನ 28×1½ ಟಯರ್ 635, ಆದರೆ 28 ಎಂದೇ ಕೆಲವೆಡೆ ಕರೆಯುವ 700ಸಿ ಟಯರ್ 622. 27.5 ಎಂದರೆ 584, 29 ಎಂದರೆ ಮತ್ತೆ ಅದೇ 622. ಎರಡನೆಯ ಸಂಖ್ಯೆ ಅಕ್ಷರಶಃ ಹೊಂದಬೇಕು, ಅಗಲದಲ್ಲಿ ಅಷ್ಟಿಷ್ಟು ವ್ಯತ್ಯಾಸ ನಡೆಯುತ್ತದೆ. ಬಲವಂತವಾಗಿ ಹಾಕಿದ ಟಯರ್ ಗಾಳಿ ತುಂಬಿದಾಗ ರಿಮ್ ಬಿಟ್ಟು ಹಾರುತ್ತದೆ, ವಾಪಸ್ ಕೊಟ್ಟುಬಿಡಿ.

ಪ್ರಶ್ನೆ: ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ ಕೊನೆಯ ಗೇರಿನಲ್ಲೂ ಮಂಡಿ ನೋಯುತ್ತದೆ. ಮುಂದಿನ ಎರಡು ಚಕ್ರಗಳಲ್ಲಿ 50 ಮತ್ತು 34 ಹಲ್ಲು, ಹಿಂದೆ 11ರಿಂದ 28 ಹಲ್ಲು (11-28), 8 ಸ್ಪೀಡ್ ರೋಡ್ ಸೈಕಲ್. ಏನು ಬದಲಿಸಲಿ?
– ಓದುಗರು, ನಾಪೋಕ್ಲು

ಉತ್ತರ: ಆ ಎಂಟು ಕಿಲೊಮೀಟರಿನಲ್ಲಿ ಕಡಿದಾದ ತುಂಡುಗಳಿವೆ, ತಪ್ಪು ನಿಮ್ಮ ಮಂಡಿಯದಲ್ಲ. ನಿಮಿಷಕ್ಕೆ 60 ಸುತ್ತು ತುಳಿದರೆ 34-28ರ ಗೇರಿನಲ್ಲಿ ವೇಗ ಗಂಟೆಗೆ 9.3 ಕಿ.ಮೀ. ಒಟ್ಟು 85 ಕೆ.ಜಿ. ತೂಕಕ್ಕೆ ಶೇ. 8ರ ಏರಿನಲ್ಲಿ ಆ ವೇಗ ಉಳಿಸಿಕೊಳ್ಳಲು ಸುಮಾರು 185 ವಾಟ್ ಬೇಕು. ಹಿಂದೆ 34 ಹಲ್ಲು ಹಾಕಿದರೆ ಅದೇ ತುಳಿತಕ್ಕೆ ವೇಗ 7.7, ಬೇಕಾದ ಶಕ್ತಿ 150 ವಾಟಿನ ಆಸುಪಾಸು. ಈ ವ್ಯತ್ಯಾಸವೇ ನಿಮ್ಮ ಮಂಡಿಯ ನೋವು.

ಆದ್ದರಿಂದ 11-34 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಹಾಕಿ, ಆದರೆ ಮೊದಲು ಹಿಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಅದಕ್ಕೆ ಸಾಕಾಗುತ್ತದೆಯೇ ನೋಡಿ. ಮುಂದಿನ ಹಲ್ಲುಗಳ ವ್ಯತ್ಯಾಸ 16, ಹಿಂದಿನದು 23, ಒಟ್ಟು 39. ಡಿರೈಲರಿನ ಒಟ್ಟು ಸಾಮರ್ಥ್ಯ (ಅದು ಎಳೆದು ಹಿಡಿಯಬಲ್ಲ ಚೈನಿನ ಸಡಿಲ, ಹಲ್ಲಿನ ಲೆಕ್ಕದಲ್ಲಿ) ಕನಿಷ್ಠ 39 ಇರಬೇಕು, ಅದು ಹಿಡಿಯಬಲ್ಲ ದೊಡ್ಡ ಚಕ್ರ 34 ಆಗಿರಬೇಕು. ಕೇಜ್, ಅಂದರೆ ಪುಟ್ಟ ಚಕ್ರಗಳನ್ನು ಹಿಡಿದಿರುವ ಚೌಕಟ್ಟು, ಗಿಡ್ಡವಿರುವ ಡಿರೈಲರಿಗೆ ಇದು ಆಗದು. ನಿಮ್ಮದು ಶಿಮಾನೊ ಆದರೆ, 8 ಸ್ಪೀಡ್ ರೋಡ್ ಲಿವರ್ ಜೊತೆ ಶಿಮಾನೊದ 9 ಸ್ಪೀಡ್ ಮೌಂಟನ್ ಬೈಕಿನ ಉದ್ದ ಕೇಜಿನ ಡಿರೈಲರ್ ಸರಾಗ ಕೆಲಸ ಮಾಡುತ್ತದೆ, ಕೇಬಲ್ ಎಳೆತದ ಅನುಪಾತ ಎರಡರಲ್ಲೂ ಒಂದೇ.

ಹಳೆ ಚೈನ್ ಗಿಡ್ಡವಾಗುತ್ತದೆ, ಹಾಗೇ ಬಳಸಬೇಡಿ. ಹೊಸದನ್ನು ಡಿರೈಲರಿಗೆ ಪೋಣಿಸದೆ ಮುಂದಿನ ದೊಡ್ಡ ಚಕ್ರ, ಹಿಂದಿನ ದೊಡ್ಡ ಚಕ್ರದ ಮೇಲೆ ಸುತ್ತಿ, ಸೇರುವ ಜಾಗದಿಂದ ಒಂದು ಇಂಚು ಹೆಚ್ಚು ಬಿಟ್ಟು ಕತ್ತರಿಸಿ. ಕೊನೆಗೆ ಡಿರೈಲರಿನ ಬಿ-ಸ್ಕ್ರೂ (ಅಂತರ ಹೊಂದಿಸುವ ತಿರುಪು) ತಿರುಗಿಸಿ ಅದರ ಮೇಲಿನ ಪುಟ್ಟ ಚಕ್ರಕ್ಕೂ 34ರ ಹಲ್ಲಿಗೂ 5–6 ಮಿ.ಮೀ. ಅಂತರ ಕೊಡಿ. ಒಂದು ಕೊರತೆ ಹೇಳಲೇಬೇಕು: ಗೇರ್‌ಗಳ ನಡುವಿನ ಜಿಗಿತ ಹೆಚ್ಚುತ್ತದೆ, ಕುಶಾಲನಗರದ ಕಡೆಯ ಸಮತಟ್ಟಿನಲ್ಲಿ ಅದು ಗೊತ್ತಾಗುತ್ತದೆ. ತಲಕಾವೇರಿ ಹತ್ತುವವರು ಅದನ್ನು ಒಪ್ಪಿಕೊಳ್ಳಬಹುದು. ತುಲಾ ಸಂಕ್ರಮಣದ ದಿನಗಳಲ್ಲಿ ಮಾತ್ರ ಆ ರಸ್ತೆ ಬೇಡ, ಬಸ್ಸು ಜೀಪುಗಳ ನಡುವೆ ಸೈಕಲಿಗೆ ಜಾಗವಿರುವುದಿಲ್ಲ.

ಪ್ರಶ್ನೆ: ಹತ್ತು ಜನ ಸೇರಿ ಭಾನುವಾರ ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ ಕಡೆ ಸುತ್ತಬೇಕೆಂದಿದ್ದೇವೆ. ಎಷ್ಟು ಹೊತ್ತಿಗೆ ಹೊರಡಬೇಕು, ಏನೇನು ಜೊತೆಗಿರಬೇಕು?
– ಓದುಗರು, ಸಿದ್ದಾಪುರ

ಉತ್ತರ: ನಿಮ್ಮೂರಿನವರಿಗೆ ಆನೆಯ ವಿಷಯ ಹೇಳಬೇಕಿಲ್ಲ, ಆದರೂ ಸೈಕಲಿನ ಮಟ್ಟಿಗೆ ಒಂದು ಮಾತು. ಸೈಕಲ್ ಸದ್ದಿಲ್ಲದೆ ಬರುತ್ತದೆ, ತೋಟದ ಬೇಲಿಯ ತಿರುವಿನಲ್ಲಿ ಆನೆಗೂ ನಿಮಗೂ ಒಟ್ಟಿಗೇ ಗಾಬರಿ. ಬೆಳಕು ಪೂರ್ತಿ ಹರಿದು ಏಳು ಗಂಟೆಯಾದ ಮೇಲೆ ಹೊರಡಿ, ಸಂಜೆ ಐದೂವರೆಗೆ ಮನೆ ಸೇರಿ. ಎದುರು ಕಾಣದ ತಿರುವಿಗೆ ಮೊದಲೇ ಮಾತಾಡುತ್ತಾ, ಬೆಲ್ ಮಾಡುತ್ತಾ ಬನ್ನಿ. ಆನೆ ಕಣ್ಣಿಗೆ ಬಿದ್ದ ಮೇಲೆ ಬೆಲ್ಲೂ ಬೇಡ, ಫೋಟೊವೂ ಬೇಡ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಒಂದು ದಾಟಿತೆಂದು ಮುನ್ನುಗ್ಗಬೇಡಿ, ಹಿಂದೆ ಮರಿಯಿರಬಹುದು.

ಹತ್ತು ಜನ ಒಂದೇ ಸಾಲಿನಲ್ಲಿ ಹೋದರೆ ಹಿಂದಿನ ವಾಹನಕ್ಕೆ ದಾಟಲು ಆಗದು. ಐದೈದರ ಎರಡು ಗುಂಪು ಮಾಡಿ, ನಡುವೆ ಒಂದು ಬಸ್ಸು ಸೇರಿಕೊಳ್ಳುವಷ್ಟು ಜಾಗ ಬಿಡಿ. ದಾರಿ ಗೊತ್ತಿರುವವರು ಮುಂದೆ, ರಿಪೇರಿ ಗೊತ್ತಿರುವವರು ಎಲ್ಲರಿಗಿಂತ ಹಿಂದೆ. ಅವರು ಯಾರನ್ನೂ ದಾಟಬಾರದು. ಇಳಿಜಾರಿನಲ್ಲಿ ಒಬ್ಬರಿಂದೊಬ್ಬರಿಗೆ ಐದು ಸೆಕೆಂಡಿನ ಅಂತರವಿರಲಿ. ರಸ್ತೆಯಂಚಿನಲ್ಲಿ ಬಿದ್ದು ಕೊಳೆತ ಸಿಲ್ವರ್ ಓಕ್ ಎಲೆಗಳು ಪಾಚಿಯಷ್ಟೇ ಜಾರುತ್ತವೆ, ಅಲ್ಲಿ ಬ್ರೇಕ್ ಹಿಡಿಯಬೇಡಿ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ತೋಟದ ಗೇಟುಗಳಿಂದ ಪಿಕಪ್‌ಗಳು ಥಟ್ಟನೆ ಬರುತ್ತವೆ, ನೆನಪಿರಲಿ.

ಸಾಮಾನಿನ ವಿಷಯ: ತಮ್ಮ ಚಕ್ರದ ಅಳತೆಯ ಒಂದು ಟ್ಯೂಬು ಮತ್ತು ತಮ್ಮ ಫ್ರೇಮಿನ ಡಿರೈಲರ್ ಹ್ಯಾಂಗರ್ (ಡಿರೈಲರನ್ನು ಫ್ರೇಮಿಗೆ ಹಿಡಿಸುವ ಲೋಹದ ತುಂಡು) ಪ್ರತಿಯೊಬ್ಬರ ಬಳಿ ಇರಲಿ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಬಗೆ, ಇನ್ನೊಬ್ಬರದು ಕೂರುವುದಿಲ್ಲ. ಗುಂಪಿಗೆ ಎರಡು ಪಂಪು, ಚೈನ್ ಟೂಲ್, 4, 5, 6 ಮಿ.ಮೀ. ಅಲನ್ ಕೀ, ಪ್ಯಾಚ್ ಮತ್ತು ಸಲ್ಯೂಷನ್, ಟಯರ್ ಹರಿದರೆ ಒಳಗಿಡಲು ಹಳೆ ಟಯರಿನ ಒಂದು ಅಂಗೈ ಅಗಲದ ತುಂಡು. ಚೈನಿನ ತುದಿಗಳನ್ನು ಸೇರಿಸುವ ಕ್ವಿಕ್ ಲಿಂಕ್ 8, 9, 10, 11 ಸ್ಪೀಡಿಗೆ ಬೇರೆ ಬೇರೆ, ಗುಂಪಿನಲ್ಲಿರುವ ಪ್ರತಿ ಬಗೆಗೂ ಒಂದು ಇರಲಿ. ಮಂಜು ಹಗಲಲ್ಲೂ ಇಳಿಯುವುದರಿಂದ ಹಿಂದಿನ ಕೆಂಪು ದೀಪ ಎಲ್ಲರಿಗೂ ಬೇಕು.

ಪ್ರಶ್ನೆ: ಸೈಕಲ್ ಎತ್ತಿದರೆ ಫ್ರೇಮಿನೊಳಗೆ ನೀರು ಕುಲುಕುತ್ತದೆ. ಸೀಟ್ ಕಂಬಿಯೂ ಅಲುಗುತ್ತಿಲ್ಲ.
– ಓದುಗರು, ಸೋಮವಾರಪೇಟೆ

ಉತ್ತರ: ಉಕ್ಕಿನ ಫ್ರೇಮಿನಲ್ಲಿ ಅಲ್ಯೂಮಿನಿಯಂ ಕಂಬಿ ಗ್ರೀಸಿಲ್ಲದೆ ಕೂತರೆ ನೀರು ಸೇರಿ ಎರಡೂ ಕಚ್ಚಿಕೊಳ್ಳುತ್ತವೆ. ಕ್ಲ್ಯಾಂಪ್ ಬಿಚ್ಚಿ, ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಮರುದಿನ ಸೀಟನ್ನು ಹಿಡಿದು ಎಡಬಲಕ್ಕೆ ತಿರುಚುತ್ತಾ ಮೇಲೆಳೆಯಿರಿ, ಸುತ್ತಿಗೆ ಬೇಡ. ಕಂಬಿ ಬಂದ ಮೇಲೆ ಸೈಕಲನ್ನು ತಲೆಕೆಳಗು ಮಾಡಿ ನೀರು ಹರಿಯಲು ಬಿಡಿ. ಪೆಡಲಿನ ಅಚ್ಚು ಕೂರುವ ಕೊಳವೆಯ ತಳದಲ್ಲಿ ಸಣ್ಣ ತೂತಿದ್ದರೆ ಮಣ್ಣು ಕಟ್ಟಿರುತ್ತದೆ, ಕಡ್ಡಿ ಹಾಕಿ ಬಿಡಿಸಿ. ಮತ್ತೆ ಕೂರಿಸುವಾಗ ಕಂಬಿಗೆ ಧಾರಾಳ ಗ್ರೀಸ್ ಹಚ್ಚಿ. ಕಂಬಿ ಅಥವಾ ಫ್ರೇಮ್ ಕಾರ್ಬನ್ನಿನದಾದರೆ ಮಾತ್ರ ಗ್ರೀಸ್ ಬದಲು ಕಾರ್ಬನ್ ಪೇಸ್ಟ್.

ಆ ನೀರು ಪೆಡಲ್ ಅಚ್ಚಿನ ಬೇರಿಂಗಿಗೂ ಇಳಿದಿರುತ್ತದೆ. ಚೈನ್ ಬಿಡಿಸಿ ಪೆಡಲ್ ತೋಳನ್ನು ಕೈಯಲ್ಲಿ ತಿರುಗಿಸಿದಾಗ ಮರಳು ಅರೆದಂತೆ ಅನ್ನಿಸಿದರೆ ಅದನ್ನೂ ಇದೇ ವಾರ ಬಿಚ್ಚಿಸಿ ನೋಡಿ.