ಮಗು ಕರ್ಪೂರ ನುಂಗಿದೆ, ವಾಂತಿ ಮಾಡಿಸಬಹುದಾ?

ಬೇಡ, ವಾಂತಿ ಮಾಡಿಸಬೇಡಿ. ಮೊದಲು ಆಟೋ ಕರೆಯಿರಿ ಇಲ್ಲವೇ 108ಕ್ಕೆ ಫೋನ್ ಮಾಡಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ಒಂದೂವರೆ ವರ್ಷದ ಮಗ ಆರತಿ ತಟ್ಟೆಯ ಕರ್ಪೂರ ಬಾಯಿಗೆ ಹಾಕಿಕೊಂಡ, ಸ್ವಲ್ಪ ಹೊರಗೆ ತೆಗೆದೆವು, ಅತ್ತೆ ಉಪ್ಪುನೀರು ಕುಡಿಸಿ ಅಂತಿದ್ದಾರೆ, ಮಗು ಆಡಿಕೊಂಡೇ ಇದ್ದಾನೆ ಅಂತ ಬರೆದಿದ್ದೀರಿ. ಆಡಿಕೊಂಡಿದ್ದಾನೆ ಅಂತ ಸುಮ್ನೆ ಕೂರಬೇಡಿ. ಕರ್ಪೂರ ಹೊಟ್ಟೆಗೆ ಹೋದ 5 ನಿಮಿಷದಲ್ಲೂ ಫಿಟ್ಸ್ ಬರಬಹುದು, 90 ನಿಮಿಷ ಕಳೆದೂ ಬರಬಹುದು. ಎಷ್ಟೋ ಸಲ ಫಿಟ್ಸೇ ಮೊದಲ ಸುಳಿವು. ಆ ಹೊತ್ತಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಪ್ಪುನೀರಂತೂ ಬೇಡವೇ ಬೇಡ. ರಕ್ತದಲ್ಲಿ ಸೋಡಿಯಂ ಏರಿ, ಅದರಿಂದಲೇ ಚಿಕ್ಕ ಮಕ್ಕಳ ಜೀವಕ್ಕೆ ಅಪಾಯ. ಹಾಲು, ತುಪ್ಪ, ಎಣ್ಣೆಯನ್ನೂ ಕೊಡಬೇಡಿ.

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಕರ್ಪೂರ ಅಂದರೆ ಮನೆಯವರು ಭಯಪಡುವುದೇ ಇಲ್ಲ. ದೇವರ ಮುಂದೆ ಹಚ್ಚುವುದು, ನೆಗಡಿಯಾದರೆ ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಕೂಸಿನ ಎದೆಗೆ ಸವರುವುದು, ಅದು ವಿಷ ಅಂದರೆ ಯಾರು ನಂಬುತ್ತಾರೆ? ಆದರೆ 1 ಗ್ರಾಂ ನುಂಗಿ ಪುಟ್ಟ ಮಕ್ಕಳು ಸತ್ತಿದ್ದಾರೆ. ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಹಾಗೆ ಸವರಿದ ಕೂಸುಗಳಿಗೂ ಫಿಟ್ಸ್ ಬಂದಿದೆ. ಅತ್ತೆಯವರ ಮೇಲೆ ಸಿಟ್ಟಾಗಬೇಡಿ, ಅವರ ಕಾಲದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಬಾಯಲ್ಲಿ ಚೂರು ಉಳಿದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕರ್ಪೂರದ ಪೊಟ್ಟಣ ಜೊತೆಗಿರಲಿ, ಎಷ್ಟು ಹೊತ್ತಿಗೆ ತಿಂದ ಅನ್ನುವುದನ್ನು ಡಾಕ್ಟರಿಗೆ ಹೇಳಿ. ದಾರಿಯಲ್ಲಿ ಫಿಟ್ಸ್ ಬಂದರೆ ಒಂದು ಪಕ್ಕಕ್ಕೆ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡುತ್ತಾ ಕೂರಬೇಡಿ. ಕರ್ಪೂರಕ್ಕೆ ಪ್ರತಿಮದ್ದು ಇಲ್ಲ. ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್, ಉಸಿರಾಟಕ್ಕೆ ಆಸರೆ, ಇವೆರಡೇ ಚಿಕಿತ್ಸೆ. ಎರಡೂ ಮನೆಯಲ್ಲಿ ಸಿಗುವುದಿಲ್ಲ, ಅದಕ್ಕೇ ಹೊರಡಿ ಅನ್ನುತ್ತಿದ್ದೇನೆ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ನೀರಿನ ಬಾಟಲಿಯಲ್ಲಿಟ್ಟ ಸೀಮೆಎಣ್ಣೆ ಕುಡಿದ ಮಗುವಿಗೂ ವಾಂತಿ ಮಾಡಿಸಬಾರದು. ಸೀಮೆಎಣ್ಣೆ ಹೊಟ್ಟೆಯಲ್ಲಿದ್ದರೆ ಅಷ್ಟು ಕೆಡುಕಿಲ್ಲ, ವಾಪಸ್ ಬರುವಾಗ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ, 1800 116 117, ಹಗಲು ರಾತ್ರಿ ಫೋನ್ ಎತ್ತುತ್ತಾರೆ.

ಮಗು ಚೆನ್ನಾಗಿಯೇ ಕಂಡರೂ ಕೆಲವು ಗಂಟೆ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡುತ್ತಾರೆ. ಅವಸರ ಮಾಡಿ ಮನೆಗೆ ಕರೆದುಕೊಂಡು ಬರಬೇಡಿ. ಆಮೇಲೆ ಹೇಗಿದ್ದಾನೆ ಅಂತ ಎರಡು ಸಾಲು ಬರೆಯಿರಿ, ನೋಡುತ್ತಿರುತ್ತೇನೆ.