ಬಿಸಿಲಿನಲ್ಲಿ ಮುಳ್ಳು ಆಡಿದ ಮಾತ್ರಕ್ಕೆ ಲೈಟ್ ಮೀಟರ್ ಕೊಳ್ಳಬೇಡಿ

ಫೋಟೊ ತೆಗೆಯುವಾಗ ಬೆಳಕನ್ನು ಅಳೆಯುವ, ಬ್ಯಾಟರಿ ಬೇಡದ ಹಳೆಯ ಸೆಲೆನಿಯಂ ಮೀಟರ್ ಅಗ್ಗಕ್ಕೆ ಸಿಗುತ್ತಿದೆ, ಬಿಸಿಲಿಗೆ ಹಿಡಿದರೆ ಮುಳ್ಳು ಸರಿಯಾಗಿಯೇ ನಿಲ್ಲುತ್ತದೆ, ಮುಂಗಡ ಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಒಂದು ದಿನ ತಡೆಯಿರಿ. ನಾನೂ ಇದೇ ಪರೀಕ್ಷೆ ಮಾಡಿ ಕೊಂಡವನು.

ನಡುಮಧ್ಯಾಹ್ನ, ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಒ 100ಕ್ಕೆ ಎಫ್ 16 (ಲೆನ್ಸಿನ ಕಿಂಡಿ), 1/125 (ಸೆಕೆಂಡಿನ ಷಟರ್ ವೇಗ) ಎಂದು ಸರಿಯಾಗಿಯೇ ತೋರಿಸಿತು. ಅಷ್ಟನ್ನೇ ನಂಬಿ ಎರಡು ರೋಲ್ ಸ್ಲೈಡ್ ಫಿಲ್ಮ್ (ನೇರ ಚಿತ್ರವೇ ಬರುವ, ಬೆಳಕಿನ ತಪ್ಪು ತಾಳದ ಫಿಲ್ಮ್) ಹಿಡಿದು ಬೇಲೂರಿಗೆ ಹೋದೆ. ಮದನಿಕೆಯರು ಇರುವುದು ಸೂರಿನ ಕೆಳಗೆ, ನೆರಳಿನಲ್ಲಿ. ಅಲ್ಲಿ ಮೀಟರ್ ಬೆಳಕನ್ನು ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಕಡಿಮೆ ಓದುತ್ತಿತ್ತು. ಅದು ಹೇಳಿದಷ್ಟು, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಬೆಳಕಿನ, ಎಕ್ಸ್‌ಪೋಷರ್ ಕೊಟ್ಟೆ. ಸ್ಲೈಡ್‌ಗಳು ಬಂದಾಗ ಹಾರ, ಬಳೆ, ಬೆರಳುಗಳೆಲ್ಲ ಬಿಳುಪಿನಲ್ಲಿ ಕರಗಿಹೋಗಿದ್ದವು. ಅಂಗಳದ ಬಿಸಿಲಿನಲ್ಲಿ ತೆಗೆದ ಆರೇಳು ಮಾತ್ರ ಚೆನ್ನಾಗಿದ್ದವು. ನೆಗೆಟಿವ್ ಆಗಿದ್ದರೆ ಅಷ್ಟು ಹೆಚ್ಚಾದರೂ ಉಳಿಯುತ್ತಿತ್ತು.

ಮೀಟರ್ ತಪ್ಪು ಓದುವುದು ದೊಡ್ಡ ದೋಷವಲ್ಲ, ಒಂದೊಂದು ಬೆಳಕಿನಲ್ಲಿ ಒಂದೊಂದು ಅಳತೆಯ ತಪ್ಪು ಮಾಡುವುದು ದೋಷ. ಎಲ್ಲ ಕಡೆಯೂ ಒಂದು ಸ್ಟಾಪ್ ಕಡಿಮೆ ಎಂದಾದರೆ ಐಎಸ್‌ಒ ಡಯಲ್ ತಿರುಗಿಸಿ ಸರಿಪಡಿಸಿಕೊಳ್ಳಬಹುದು. ಹಾಗಾಗಿ ಒಂದೇ ಬಣ್ಣದ ಗೋಡೆ ಹುಡುಕಿ. ಬಿಸಿಲು, ನೆರಳು, ಟ್ಯೂಬ್‌ಲೈಟ್ ಇರುವ ಕೋಣೆ ಮೂರರಲ್ಲೂ ಡಿಜಿಟಲ್ ಕ್ಯಾಮೆರಾದ ಚೌಕಟ್ಟಿನ ತುಂಬ ಗೋಡೆಯನ್ನೇ ತುಂಬಿಸಿ ಓದಿ, ಮೀಟರನ್ನೂ ಅದೇ ಜಾಗಕ್ಕೆ ಹಿಡಿದು ಓದಿ. ವ್ಯತ್ಯಾಸ ಮೂರರಲ್ಲೂ ಒಂದೇ ಆಗಿದ್ದರೆ ಕೊಳ್ಳಿ, ಬದಲಾಗುತ್ತಿದ್ದರೆ ಎಷ್ಟು ಅಗ್ಗವಾದರೂ ಬೇಡ. ಕೈಯಿಂದ ಬೆಳಕು ಓದುವ ಸೆಲ್ ಪೂರ್ತಿ ಮುಚ್ಚಿದಾಗ ಮುಳ್ಳು ಸೊನ್ನೆಗೆ ಇಳಿಯಬೇಕು. ಮಾರುವವರು ನೆರಳಿನಲ್ಲಿ ನೋಡಲು ಬಿಡದಿದ್ದರೆ ಎದ್ದು ಬನ್ನಿ. ಸೋವಿಯತ್ ಕಾಲದ ಲೆನಿನ್‌ಗ್ರಾದ್ ಮೀಟರ್‌ಗಳಲ್ಲಿ ಐಎಸ್‌ಒ ಬದಲು ಅಲ್ಲಿನ ಹಳೆಯ ಮಾನಕವಾದ ಗೋಸ್ಟ್ ಅಂಕಿಗಳಿರಬಹುದು. ಅಲ್ಲಿನ 90 ಎಂದರೆ ನಮ್ಮ ಐಎಸ್‌ಒ 100.

ಬೆಳಕು ಓದಲು ಸಿಡಿಎಸ್ (ಕ್ಯಾಡ್ಮಿಯಂ ಸಲ್ಫೈಡ್) ಸೆಲ್ ಇರುವ, ಬ್ಯಾಟರಿಯಿಂದ ಓಡುವ ಗೊಸೆನ್ ಲೂನಾಸಿಕ್ಸ್ 3 ಮಂದ ಬೆಳಕಿನಲ್ಲಿ ಚೆನ್ನಾಗಿ ಓದುತ್ತದೆ. ಆದರೆ ಅದಕ್ಕೆ ಬೇಕಾದ 1.35 ವೋಲ್ಟಿನ ಪಾದರಸದ ಬ್ಯಾಟರಿ ಈಗ ಸಿಗುವುದಿಲ್ಲ. 1.5 ವೋಲ್ಟಿನದನ್ನು ಹಾಕಿ ರೀಡಿಂಗ್ ಕೆಟ್ಟಿತು ಎಂದು ಮೀಟರನ್ನು ಬೈಯಬೇಡಿ. ಶ್ರವಣಯಂತ್ರಕ್ಕೆ ಹಾಕುವ 675 ಜಿಂಕ್ ಏರ್ ಬ್ಯಾಟರಿ ಸುಮಾರು 1.4 ವೋಲ್ಟ್ ಕೊಡುತ್ತದೆ. ಅಂಟುಪಟ್ಟಿ ಕಿತ್ತ ಮೇಲೆ ಕೆಲವು ವಾರಗಳಷ್ಟೇ ಬಾಳಿಕೆ. ಇನ್ನೊಂದು ಮಾತು: ಸಿಡಿಎಸ್ ಸೆಲ್ಲಿಗೆ ಹಳೆಯ ಬೆಳಕಿನ ನೆನಪು ಇರುತ್ತದೆ. ಬಿಸಿಲಿನಿಂದ ಗುಡಿಯ ಒಳಗೆ ಹೋದೊಡನೆ ಓದಬೇಡಿ, ಸ್ವಲ್ಪ ಕಾಯಿರಿ.

ನನ್ನ ಆಯ್ಕೆ ಕೇಳಿದರೆ, ಸೆಕೆಂಡ್‌ಹ್ಯಾಂಡ್ ಸೆಕೋನಿಕ್ ಎಲ್-308. ಬೆಳಕು ಓದಲು ಸಿಲಿಕಾನ್ ಸೆಲ್, ಒಂದೇ ಪೆನ್ಸಿಲ್ ಬ್ಯಾಟರಿಯಲ್ಲಿ ಓಡುತ್ತದೆ, ಫ್ಲ್ಯಾಶನ್ನೂ ಅಳೆಯುತ್ತದೆ. ಬ್ಯಾಟರಿ ಸೋರಿ ಒಳಗೆ ಹಸಿರು ಕಟ್ಟಿದೆಯೇ ಎಂದು ಮುಚ್ಚಳ ತೆಗೆದು ನೋಡಿ, ವಸ್ತುವಿನ ಮೇಲೆ ಬೀಳುವ ಬೆಳಕನ್ನು ಓದುವ ಬಿಳಿ ಗುಮ್ಮಟ ಹಳದಿಯಾಗಿದ್ದರೆ ಬೇಡ. ಅಷ್ಟು ಹಣವಿಲ್ಲದಿದ್ದರೆ ಅದೇ ಕಂಪನಿಯ ಪುಟ್ಟ ಎಲ್-208 ಸಾಕು. ಕ್ಯಾಮೆರಾದ ತಲೆಗೆ ಸಿಕ್ಕಿಸುವ ಟಿಟಿಆರ್ಟಿಸಾನ್ ಮೀಟರ್ ಬಗ್ಗೆ ನನಗೆ ಉತ್ಸಾಹವಿಲ್ಲ, ಅದು ವಸ್ತುವಿನಿಂದ ಮರಳಿ ಬಂದ ಬೆಳಕನ್ನಷ್ಟೇ ಓದುತ್ತದೆ. ಬಿಳಿ ಪಂಚೆ ಉಟ್ಟವರ ಗುಂಪಿಗೆ ಹಿಡಿದರೆ ಪಂಚೆ ಬೂದುಬಣ್ಣಕ್ಕೆ ತಿರುಗುತ್ತದೆ. ಗುಮ್ಮಟವಿರುವ ಮೀಟರನ್ನು ಅವರ ಮುಖದ ಬಳಿ, ಕ್ಯಾಮೆರಾದ ಕಡೆಗೆ ತಿರುಗಿಸಿ ಹಿಡಿದರೆ ಈ ತೊಂದರೆಯೇ ಇಲ್ಲ. ಆಕಾಶದ ಕಡೆಗೆ ತಿರುಗಿಸುವ ಅಭ್ಯಾಸವನ್ನು ಮಾತ್ರ ಇಂದೇ ಬಿಡಿ.

ನೀವು ನೆಗೆಟಿವ್ ಮಾತ್ರ ಬಳಸುವವರಾದರೆ ಸದ್ಯಕ್ಕೆ ಮೊಬೈಲ್ ಆ್ಯಪ್‌ನಲ್ಲಿಯೇ ನಡೆಸಿ, ಹಣ ಕೂಡಿಡಿ. ಯಾವ ಮೀಟರ್ ಕೊಂಡರೂ ಲೆನ್ಸ್ ಮೇಲಿನ ಫಿಲ್ಟರ್ ಅದಕ್ಕೆ ಕಾಣುವುದಿಲ್ಲ. ಹಳದಿ ಫಿಲ್ಟರಿಗೆ ಸುಮಾರು ಒಂದು ಸ್ಟಾಪ್, ಪೋಲರೈಸರಿಗೆ ಒಂದೂವರೆಯಿಂದ ಎರಡು ನೀವೇ ಸೇರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ನಾಳೆ ಮೂರು ಕಡೆಯ ರೀಡಿಂಗ್ ಇಲ್ಲಿಯೇ ಹಾಕಿ, ನೋಡಿ ಹೇಳುತ್ತೇನೆ.